ನಾಲ್ಕು ವರ್ಷ ಬೀರುವಿನಲ್ಲಿದ್ದ ಅಮ್ಮನ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ, ದಾರಿ ತೋರಿಸಿ

ಮಳೆಹನಿ | ಶನಿವಾರ, ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ. ಅಮ್ಮನ ಹಳೆಯ ಲ್ಯಾಪ್‌ಟಾಪ್ ಒಂದಿದೆ. 2011ರಲ್ಲಿ ತಂದಿದ್ದು. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ನಾಲ್ಕು ವರ್ಷದಿಂದ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಬಿದ್ದಿತ್ತು. ನಿನ್ನೆ ಅಮ್ಮ ಇದ್ದಕ್ಕಿದ್ದ ಹಾಗೆ ಕೇಳಿದರು, "ಅದರಲ್ಲಿ ನಾನು ಬರೆದಿಟ್ಟಿದ್ದೆಲ್ಲ ಸಿಗುತ್ತಾ?" ಅಂತ. ಆರು ವರ್ಷ ದಿನಾ ರಾತ್ರಿ ಕೂತು ಅದರಲ್ಲೇ ಬರೆಯುತ್ತಿದ್ದರು. ಅಜ್ಜಿ ಹೇಳಿದ ಕತೆಗಳು, ಮನೆಯವರ ಫೋಟೊಗಳು, ಎಲ್ಲ ಅದರಲ್ಲೇ ಇವೆ. ಬೇರೆ ಎಲ್ಲೂ ಇಲ್ಲ.

ಚಾರ್ಜರ್ ಹಾಕಿ ಬಟನ್ ಒತ್ತಿದೆ. ಸ್ಟಾರ್ಟ್ ಆಗಲಿಲ್ಲ. ಸುಮಾರು ಇಪ್ಪತ್ತು ಸಲ ಒತ್ತಿರಬಹುದು. ಸತ್ತೇ ಹೋಗಿದೆ ಅನಿಸುತ್ತದೆ. ಏನಾದರೂ ಮಾಡಬಹುದಾ?

ಸ್ಕ್ರೂಡ್ರೈವರ್ | ಶನಿವಾರ, ಬೆಳಿಗ್ಗೆ 9:50

ಮಳೆಹನಿ ಅವರೇ, ಮೊದಲು ಸಮಾಧಾನ ಮಾಡಿಕೊಳ್ಳಿ. ಲ್ಯಾಪ್‌ಟಾಪ್ ಸತ್ತರೂ ಅಮ್ಮ ಬರೆದಿದ್ದು ಸಾಯಬೇಕಾಗಿಲ್ಲ. ಅದು ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಎರಡು ಸ್ಕ್ರೂ ಬಿಚ್ಚಿದರೆ ಡಿಸ್ಕ್ ಕೈಗೆ ಬರುತ್ತದೆ, ಬೇರೆ ಕಂಪ್ಯೂಟರಿಗೆ ಹಾಕಿ ನೋಡಬಹುದು. ಆ ದಾರಿ ಯಾವಾಗಲೂ ಇದೆ.

ಆದರೆ "ಸ್ಟಾರ್ಟ್ ಆಗುತ್ತಿಲ್ಲ" ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಹದಿನೈದು ವರ್ಷದಿಂದ ರಿಪೇರಿ ಕೆಲಸ ಮಾಡುತ್ತಿದ್ದೇನೆ. ಈ ಒಂದೇ ಮಾತನ್ನು ಜನ ನಾಲ್ಕು ಬೇರೆ ಬೇರೆ ಕಾಯಿಲೆಗೆ ಹೇಳುತ್ತಾರೆ. ಒಂದು, ದೀಪವೂ ಇಲ್ಲ, ಸದ್ದೂ ಇಲ್ಲ. ಎರಡು, ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಮೂರು, ಕಂಪನಿಯ ಲೋಗೋ ಬಂದು ಅಲ್ಲೇ ನಿಲ್ಲುತ್ತದೆ. ನಾಲ್ಕು, ವಿಂಡೋಸ್ ಶುರುವಾಗಿ ಮಧ್ಯದಲ್ಲಿ ಬೀಳುತ್ತದೆ. ಮೊದಲನೆಯದಕ್ಕೆ ಹುಡುಕುವ ಜಾಗವೇ ಬೇರೆ, ನಾಲ್ಕನೆಯದಕ್ಕೆ ಹುಡುಕುವ ಜಾಗವೇ ಬೇರೆ.

ಹಾಗಾಗಿ ಇನ್ನೊಂದೇ ಒಂದು ಸಲ ಒತ್ತಿ, ಕಣ್ಣು ಕಿವಿ ಎರಡೂ ಅಲ್ಲಿಟ್ಟು ನೋಡಿ ಹೇಳಿ. ಯಾವ ದೀಪ ಹತ್ತಿತು, ಎಷ್ಟು ಸೆಕೆಂಡು ಇತ್ತು? ಫ್ಯಾನ್ ಅಲುಗಿತಾ? ಬೀಪ್ ಕೇಳಿಸಿತಾ? ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತುತ್ತದಾ? ಬ್ಯಾಟರಿ ಕೈಯಲ್ಲೇ ತೆಗೆಯಲು ಬರುವಂಥದ್ದಾ? ತೆಗೆದು ಮೇಜಿನ ಮೇಲೆ ಇಟ್ಟು ನೋಡಿ, ಉಬ್ಬಿದ್ದರೆ ಅಲ್ಲಾಡುತ್ತದೆ. ಉಬ್ಬಿದ್ದರೆ ಮತ್ತೆ ಹಾಕಲೇಬೇಡಿ, ಒತ್ತಬೇಡಿ, ಚುಚ್ಚಬೇಡಿ.

ಇನ್ನೊಂದು, ಆ ಚಾರ್ಜರ್ ಅದರದ್ದೇ ತಾನೇ?

ಹಳೇ ಕೀಲಿಮಣೆ | ಶನಿವಾರ, ಬೆಳಿಗ್ಗೆ 10:05

ನನ್ನ ಅನುಭವದಲ್ಲಿ ಸುಮ್ನೆ ಇಟ್ಟ ಹಳೆಯ ಲ್ಯಾಪ್‌ಟಾಪ್ ಏಳದಿದ್ದರೆ ಅರ್ಧಕ್ಕರ್ಧ ರ‍್ಯಾಮ್ ಸಮಸ್ಯೆ. ರ‍್ಯಾಮ್ ತೆಗೆದು, ಒರೆಸಿ, ಹಾಕಿ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಹೊಸಗಾಳಿ | ಶನಿವಾರ, ಬೆಳಿಗ್ಗೆ 10:31

ವಿಂಡೋಸ್ 7 ತುಂಬಾ ಹಳೆಯದಾಯ್ತು. ಒಂದು ಪೆನ್ ಡ್ರೈವ್‌ನಿಂದ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡಿ, ಎಲ್ಲ ಸರಿ ಹೋಗುತ್ತದೆ.

ಬಿಟ್ಟು ಬೈಟು | ಶನಿವಾರ, ಬೆಳಿಗ್ಗೆ 10:38

ಹೊಸಗಾಳಿ ಅವರೇ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ಆದರೆ ದಯವಿಟ್ಟು ಬೇಡ. ಆ ಡಿಸ್ಕ್‌ನಲ್ಲಿ ಆರು ವರ್ಷದ ಬರಹ ಇದೆ, ಬೇರೆ ಪ್ರತಿ ಇಲ್ಲ ಅಂತ ಮೊದಲೇ ಹೇಳಿದ್ದಾರೆ. ಮಳೆಹನಿ ಅವರೇ, ಎಲ್ಲ ಬೇರೆ ಕಡೆ ಇಳಿಸಿಕೊಳ್ಳುವ ತನಕ ಆ ಡಿಸ್ಕ್ ಮೇಲೆ ಏನನ್ನೂ ಬರೆಯುವ ಕೆಲಸ ಮಾಡಬೇಡಿ. ಫಾರ್ಮ್ಯಾಟ್ ಬೇಡ, ರಿಪೇರಿ ಬೇಡ, ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ತಿದ್ದುವ ವಿಂಡೋಸ್ ಸಾಧನ) ಕೂಡ ಬೇಡ. ತಾನಾಗಿ ಚೆಕ್‌ಡಿಸ್ಕ್ ಶುರುವಾದರೆ, ಪರದೆಯ ಮೇಲೆ ಸೆಕೆಂಡು ಎಣಿಸುತ್ತಿರುವಾಗಲೇ ಯಾವುದಾದರೂ ಕೀ ಒತ್ತಿ ತಪ್ಪಿಸಿ.

ಹೊಸಗಾಳಿ | ಶನಿವಾರ, ಬೆಳಿಗ್ಗೆ 10:44

ಕ್ಷಮಿಸಿ, ಪ್ರತಿ ಇಲ್ಲ ಅನ್ನುವ ಸಾಲು ನಾನು ಓದಿರಲಿಲ್ಲ. ನನ್ನ ಮಾತು ಬಿಟ್ಟುಬಿಡಿ.

ಮಳೆಹನಿ | ಶನಿವಾರ, ಮಧ್ಯಾಹ್ನ 12:20

ಸ್ಕ್ರೂಡ್ರೈವರ್ ಅವರೇ, ನೀವು ಹೇಳಿದ ಹಾಗೆ ಕೂತು ನೋಡಿದೆ. ಬಟನ್ ಒತ್ತಿದ ಕೂಡಲೇ ಅದರ ಸುತ್ತ ಇರುವ ಬಿಳಿ ದೀಪ ಹತ್ತುತ್ತದೆ. ಒಳಗೆ ಫ್ಯಾನ್ "ಸರ್" ಅಂತ ಒಮ್ಮೆ ಎಳೆಯುತ್ತದೆ. ಎರಡು ಸೆಕೆಂಡು. ಆಮೇಲೆ ಎಲ್ಲ ಒಟ್ಟಿಗೆ ಆರಿಹೋಗುತ್ತದೆ. ಬೀಪ್ ಇಲ್ಲ. ಕ್ಯಾಪ್ಸ್ ಲಾಕ್ ನೋಡುವಷ್ಟು ಹೊತ್ತೂ ಸಿಗುವುದಿಲ್ಲ.

ಬ್ಯಾಟರಿ ತೆಗೆಯಬಹುದು. ಉಬ್ಬಿಲ್ಲ, ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಹಾಕಿದರೆ ಚಾರ್ಜಿಂಗ್ ದೀಪ ಮಾತ್ರ ಹತ್ತುವುದೇ ಇಲ್ಲ.

ಚಾರ್ಜರ್ ಅದರದ್ದಲ್ಲ. ಅದರದ್ದು ಕಳೆದುಹೋಗಿದೆ. ಮನೆಯಲ್ಲಿದ್ದ ಇನ್ನೊಂದು ಪುಟ್ಟ ಲ್ಯಾಪ್‌ಟಾಪಿನದ್ದು ಹಾಕಿದ್ದೆ, ಪಿನ್ ಸರಿಯಾಗಿ ಕೂತಿತು.

ಸ್ಕ್ರೂಡ್ರೈವರ್ | ಶನಿವಾರ, ಮಧ್ಯಾಹ್ನ 12:41

ಪಿನ್ ಕೂತರೆ ಸಾಲದು. ಚಾರ್ಜರಿನ ಹಿಂದಿನ ಚೀಟಿ ಓದಿ, "ಔಟ್‌ಪುಟ್" ಅಂತ ಇರುವ ಸಾಲು. ಲ್ಯಾಪ್‌ಟಾಪಿನ ತಳದಲ್ಲೂ ಒಂದು ಚೀಟಿ ಇರುತ್ತದೆ. ಎರಡರ ವೋಲ್ಟ್ ಮತ್ತು ಆಂಪಿಯರ್ ಇಲ್ಲಿ ಬರೆಯಿರಿ.

ಮಳೆಹನಿ | ಶನಿವಾರ, ಮಧ್ಯಾಹ್ನ 12:55

ಚಾರ್ಜರ್: 19 ವೋಲ್ಟ್, 2.1 ಆಂಪಿಯರ್.
ಲ್ಯಾಪ್‌ಟಾಪ್ ತಳ: 19 ವೋಲ್ಟ್, 3.42 ಆಂಪಿಯರ್.

ಸ್ಕ್ರೂಡ್ರೈವರ್ | ಶನಿವಾರ, ಮಧ್ಯಾಹ್ನ 1:10

ಸಿಕ್ಕಿತು ನೋಡಿ, ಕಡೇಪಕ್ಷ ಮೊದಲ ಗಂಟು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್. ನಿಮ್ಮ ಯಂತ್ರ ಕೇಳುವುದು 65 ವಾಟ್. ನೀವು ಕೊಡುತ್ತಿರುವುದು 40. ಹೊತ್ತಿಕೊಳ್ಳುವ ಕ್ಷಣದಲ್ಲಿ ಯಂತ್ರ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಅದರ ಮೇಲೆ ನಾಲ್ಕು ವರ್ಷ ಹಸಿದ ಬ್ಯಾಟರಿ ಬೇರೆ. ಚಾರ್ಜರ್ ತಡೆಯಲಾರದೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಎರಡು ಸೆಕೆಂಡಿಗೆ ಎಲ್ಲ ಆರುವುದಕ್ಕೆ ಇದು ಸಾಕು. ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಇದನ್ನು ಸರಿ ಮಾಡದೆ ಮುಂದಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ಚಾರ್ಜರ್ ತರುವಾಗ ವೋಲ್ಟ್ ಹೊಂದಬೇಕು. 19ಕ್ಕೆ 19.5 ನಡೆಯುತ್ತದೆ. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಯಂತ್ರ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಡಿಮೆ ಇರಬಾರದು. ಚೀಟಿಯ ಮೇಲೆ ಒಂದು ಚಿಕ್ಕ ಚಿತ್ರ ಇರುತ್ತದೆ, ನಡುವೆ ಚುಕ್ಕಿ, ಸುತ್ತ ಅರ್ಧ ವೃತ್ತ, ಎರಡು ಬದಿಗೆ ಪ್ಲಸ್ಸು ಮೈನಸ್ಸು. ಎರಡು ಚೀಟಿಯಲ್ಲೂ ಅದು ಒಂದೇ ತರಹ ಇರಬೇಕು.

ಸರಿಯಾದ ಚಾರ್ಜರ್ ಸಿಕ್ಕ ಮೇಲೆ ಹೀಗೆ ಮಾಡಿ. ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಿರಿ. ಪವರ್ ಬಟನ್ನನ್ನು ಪೂರ್ತಿ 30 ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ (ಒಳಗಿನ ಮುಖ್ಯ ಹಲಗೆ, ಮದರ್‌ಬೋರ್ಡ್) ಉಳಿದ ಕರೆಂಟ್ ಇಳಿದುಹೋಗುತ್ತದೆ. ಆಮೇಲೆ ಬ್ಯಾಟರಿ ಹಾಕದೆ, ಬರೀ ಚಾರ್ಜರಿನಲ್ಲಿ ಆನ್ ಮಾಡಿ.

ಬೆಸುಗೆ | ಶನಿವಾರ, ಮಧ್ಯಾಹ್ನ 2:30

ಸ್ಕ್ರೂಡ್ರೈವರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆಲವು ಕಂಪನಿಗಳ ಚಾರ್ಜರಿನಲ್ಲಿ ಪಿನ್ ಒಳಗೆ ಕೂದಲಿನಂಥ ಇನ್ನೊಂದು ಸಣ್ಣ ಸೂಜಿ ಇರುತ್ತದೆ. ಅದು ಕರೆಂಟಿಗೆ ಅಲ್ಲ, ಚಾರ್ಜರ್ ಯಾರು ಅಂತ ಯಂತ್ರಕ್ಕೆ ಹೇಳುವುದಕ್ಕೆ. ಆ ಸೂಜಿ ಮುರಿದರೆ ಯಂತ್ರ ನಡೆದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ನಿಧಾನವಾಗುತ್ತದೆ. ಜನ ಬ್ಯಾಟರಿ ಹಾಳು ಅಂದುಕೊಂಡು ಹೊಸ ಬ್ಯಾಟರಿ ತರುತ್ತಾರೆ.

ಮಲ್ಟಿಮೀಟರ್ ಇದ್ದರೆ ಚಾರ್ಜರಿನ ತುದಿಯಲ್ಲಿ ಡಿಸಿ ವೋಲ್ಟ್ ನೋಡಿ. 19ರ ಆಸುಪಾಸು ಬರಬೇಕು. ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿದಾಗ ದೀಪ ಹೋಗಿ ಬಂದರೆ ಜ್ಯಾಕಿನ (ಪಿನ್ ಕೂರುವ ತೂತಿನ) ಬೆಸುಗೆ ಬಿಟ್ಟಿದೆ ಅಂತ ಲೆಕ್ಕ. ಚಾರ್ಜರಿನ ಮೇಲಿನ ದೀಪ ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಆರಿದರೆ ಬೋರ್ಡಿನಲ್ಲಿ ಶಾರ್ಟ್ ಇರಬಹುದು. ಆಗ ಮತ್ತೆ ಮತ್ತೆ ಚುಚ್ಚಿ ನೋಡಬೇಡಿ, ಅಲ್ಲಿಗೇ ನಿಲ್ಲಿಸಿ.

ಬೋರ್ಡನ್ನು ಬಿಸಿ ಮಾಡಿದರೆ ಸರಿ ಹೋಗುತ್ತದೆ, ಹಾರ್ಡ್ ಡಿಸ್ಕನ್ನು ಫ್ರಿಜ್‌ನಲ್ಲಿಟ್ಟರೆ ಏಳುತ್ತದೆ ಅಂತೆಲ್ಲ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬಿಸಿ ಮಾಡಿದ ಬೋರ್ಡ್ ಒಂದು ವಾರ ನಡೆದು ಮತ್ತೆ ಬೀಳುತ್ತದೆ. ತಣ್ಣಗಾದ ಡಿಸ್ಕ್ ಒಳಗೆ ಹನಿ ಕಟ್ಟಿದರೆ ಇದ್ದದ್ದೂ ಹೋಗುತ್ತದೆ.

ಮಳೆಹನಿ | ಶನಿವಾರ, ಸಂಜೆ 7:48

ಗೆಳತಿಯ ಹತ್ತಿರ 19 ವೋಲ್ಟ್ 3.42 ಆಂಪಿಯರಿನ ಚಾರ್ಜರ್ ಇತ್ತು, ತಂದುಕೊಂಡೆ. ಬ್ಯಾಟರಿ ತೆಗೆದು, 30 ಸೆಕೆಂಡು ಎಣಿಸಿ, ಬರೀ ಚಾರ್ಜರಿನಲ್ಲಿ ಹಾಕಿದೆ.

ಆರಲಿಲ್ಲ! ದೀಪ ಹತ್ತಿಕೊಂಡೇ ಇದೆ, ಫ್ಯಾನ್ ತಿರುಗುತ್ತಲೇ ಇದೆ. ಆದರೆ ಪರದೆ ಕಪ್ಪು. ಹತ್ತು ನಿಮಿಷ ಕಾದೆ. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಹತ್ತುವುದಿಲ್ಲ. ಬೀಪ್ ಇಲ್ಲ.

ಹಳೇ ಕೀಲಿಮಣೆ | ಶನಿವಾರ, ರಾತ್ರಿ 8:15

ಈಗ ನನ್ನ ಸರದಿ. ಹತ್ತಿ ಆರುತ್ತಿದ್ದದ್ದು ಈಗ ಸ್ಕ್ರೂಡ್ರೈವರ್ ಹೇಳಿದ ಎರಡನೇ ಕಾಯಿಲೆಗೆ ಬಂದಿದೆ, ಇದು ಮುಂದಕ್ಕೆ ಇಟ್ಟ ಹೆಜ್ಜೆಯೇ. ಕ್ಯಾಪ್ಸ್ ಲಾಕ್ ದೀಪ ಹತ್ತದಿದ್ದರೆ ಯಂತ್ರ ತನ್ನ ಮೊದಲ ತಪಾಸಣೆಯನ್ನೇ ಮುಗಿಸಿಲ್ಲ. ಅದು ಹತ್ತಿ ಪರದೆ ಮಾತ್ರ ಕಪ್ಪಾಗಿದ್ದರೆ ನಾನು ಪರದೆಯನ್ನು ಅನುಮಾನಿಸುತ್ತಿದ್ದೆ. ಈಗ ರ‍್ಯಾಮ್ ನೋಡೋಣ.

ಚಾರ್ಜರ್ ಮತ್ತು ಬ್ಯಾಟರಿ ಎರಡೂ ಹೊರಗಿರಲಿ. ಲ್ಯಾಪ್‌ಟಾಪ್ ಮಗುಚಿ. ತಳದಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ, ಒಂದೋ ಎರಡೋ ಸ್ಕ್ರೂ. ಬಿಚ್ಚುವ ಮೊದಲು ಏನಾದರೂ ಲೋಹದ ವಸ್ತು ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲಿ. ಉಲ್ಲನ್ ಬಟ್ಟೆ, ಕಂಬಳಿ ಮೇಲೆ ಕೂತು ಮಾಡಬೇಡಿ.

ಮುಚ್ಚಳ ತೆಗೆದರೆ ಬೆರಳುದ್ದದ ಹಸಿರು ಪಟ್ಟಿ ಕಾಣುತ್ತದೆ, ಅದೇ ರ‍್ಯಾಮ್. ಎರಡು ಇರಬಹುದು, ಒಂದರ ಮೇಲೊಂದು ಹೆಂಚಿನ ಹಾಗೆ. ಪಟ್ಟಿಯ ಎರಡು ಬದಿಗೆ ಬೆಳ್ಳಗೆ ಹೊಳೆಯುವ ಲೋಹದ ಕೈಗಳಿವೆ. ಎರಡನ್ನೂ ಹೆಬ್ಬೆರಳಿನಿಂದ ಹೊರಕ್ಕೆ ಒತ್ತಿ. ಪಟ್ಟಿ ತಾನಾಗಿ "ಟಪ್" ಅಂತ ಓರೆಯಾಗಿ ಮೇಲೇಳುತ್ತದೆ. ಆ ಓರೆಯಲ್ಲೇ ಅಂಚು ಹಿಡಿದು ಎಳೆಯಿರಿ. ಚಿನ್ನದ ಬಣ್ಣದ ಹಲ್ಲುಗಳನ್ನು ಬೆರಳಿನಿಂದ ಮುಟ್ಟಬೇಡಿ.

ಹಲ್ಲುಗಳು ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ, ಮೆತ್ತಗಿರುವಂಥದ್ದು, ಒಂದೇ ದಿಕ್ಕಿಗೆ ನಾಲ್ಕೈದು ಸಲ ಉಜ್ಜಿ. ಪುಡಿ ಸ್ಲಾಟಿಗೆ ಬೀಳದ ಹಾಗೆ ದೂರ ಹೋಗಿ ಉಜ್ಜಿ. ಹಾಕುವಾಗ ಪಟ್ಟಿಯಲ್ಲಿರುವ ಕಚ್ಚು ಸ್ಲಾಟಿನ ಕಚ್ಚಿಗೆ ಹೊಂದಬೇಕು. ಓರೆಯಾಗಿಯೇ ಒಳಕ್ಕೆ ತಳ್ಳಿ, ಚಿನ್ನದ ಹಲ್ಲು ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗಬೇಕು. ಆಮೇಲೆ ಕೆಳಕ್ಕೆ ಒತ್ತಿ, ಎರಡು ಕೈಗಳೂ ಕಚ್ಚಿಕೊಂಡ ಸದ್ದು ಕೇಳಬೇಕು. ಹತ್ತರಲ್ಲಿ ಮೂರು ಸಲ ಜನ ಇಲ್ಲೇ ತಪ್ಪುತ್ತಾರೆ. ಓರೆಯಲ್ಲಿ ಪೂರ್ತಿ ತಳ್ಳದೆ ಕೆಳಕ್ಕೆ ಒತ್ತಿಬಿಡುತ್ತಾರೆ.

ಎರಡು ಪಟ್ಟಿ ಇದ್ದರೆ ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದನ್ನೇ ಹಾಕಿ ನೋಡಿ. ಒಂದು ಕಾಗದದಲ್ಲಿ ಬರೆದುಕೊಳ್ಳಿ, ಯಾವ ಪಟ್ಟಿ, ಯಾವ ಸ್ಲಾಟು, ಏನಾಯ್ತು. ಪ್ರತಿ ಸಲ ಒಂದು ನಿಮಿಷ ಕಾಯಿರಿ, ರ‍್ಯಾಮ್ ಬದಲಾದರೆ ಮೊದಲ ಸಲ ಯಂತ್ರ ಸ್ವಲ್ಪ ತಡ ಮಾಡುತ್ತದೆ.

ನಾನೂ ಕಲಿಯುವೆ | ಶನಿವಾರ, ರಾತ್ರಿ 8:40

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಪರದೆ ಕಪ್ಪು. ಆದರೆ ಕ್ಯಾಪ್ಸ್ ಲಾಕ್ ದೀಪ ಹತ್ತುತ್ತದೆ, ವಿಂಡೋಸ್ ಶುರುವಾಗುವ ಸಂಗೀತವೂ ಕೇಳುತ್ತದೆ. ರ‍್ಯಾಮ್ ತೆಗೆಯಬೇಕಾ ಸರ್?

ಹಳೇ ಕೀಲಿಮಣೆ | ಶನಿವಾರ, ರಾತ್ರಿ 8:52

ಬೇಡ, ನಿಮ್ಮ ಯಂತ್ರ ಚೆನ್ನಾಗಿದೆ, ಕಾಣಿಸುತ್ತಿಲ್ಲ ಅಷ್ಟೇ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿಯಿರಿ. ಅಕ್ಷರಗಳು ಮಸುಕಾಗಿ ಕಂಡರೆ ಪರದೆಯ ಹಿಂದಿನ ಬೆಳಕು ಹೋಗಿದೆ. ಟಿವಿಗೋ ಬೇರೆ ಮಾನಿಟರಿಗೋ ಕೇಬಲ್ ಹಾಕಿದರೆ ಚಿತ್ರ ಬರುತ್ತದೆ, ಕೆಲಸ ನಡೆಯುತ್ತದೆ. ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಮಾಡಿ. ಒಂದು ಕೋನದಲ್ಲಿ ಬೆಳಕು ಬಂದರೆ ಕೀಲಿನ ಮೂಲಕ ಹೋಗುವ ಕೇಬಲ್ ಸವೆದಿದೆ. ಇನ್ನೊಂದು, ಮುಚ್ಚಳ ಮುಚ್ಚಿದ್ದು ಗೊತ್ತಾಗಲಿ ಅಂತ ಒಳಗೆ ಅಯಸ್ಕಾಂತಕ್ಕೆ ಸ್ಪಂದಿಸುವ ಸೆನ್ಸರ್ ಇರುತ್ತದೆ. ಅಯಸ್ಕಾಂತ ಇರುವ ಮೊಬೈಲ್ ಕವರನ್ನು ಕೀಬೋರ್ಡ್ ಅಂಚಿನಲ್ಲಿ ಇಟ್ಟರೂ ಪರದೆ ಆರುತ್ತದೆ. ಅದನ್ನೂ ನೋಡಿ.

ನಾನೂ ಕಲಿಯುವೆ | ಶನಿವಾರ, ರಾತ್ರಿ 9:20

ಟಾರ್ಚ್ ಹಿಡಿದರೆ ಕಂಡಿತು ಸರ್! ಮುಚ್ಚಳ ಅರ್ಧ ಮಾಡಿದರೆ ಬೆಳಕೂ ಬರುತ್ತದೆ. ಕೇಬಲ್ ಹಾಕಿಸುತ್ತೇನೆ. ತುಂಬಾ ಧನ್ಯವಾದ.

ಮಳೆಹನಿ | ಭಾನುವಾರ, ಬೆಳಿಗ್ಗೆ 8:05

ರಾತ್ರಿ ಮಾಡಲು ಧೈರ್ಯ ಬರಲಿಲ್ಲ, ಬೆಳಕಿನಲ್ಲಿ ಮಾಡಿದೆ. ಅಮ್ಮ ಪಕ್ಕದಲ್ಲಿ ಕೂತು ಕಾಗದದಲ್ಲಿ ಬರೆದುಕೊಂಡರು. ಅವರ ಚೀಟಿಯನ್ನೇ ಇಲ್ಲಿ ಹಾಕುತ್ತೇನೆ. ಪಟ್ಟಿಗಳು ತಲಾ 2 ಜಿಬಿ.

ಮೊದಲನೇ ಪಟ್ಟಿ, ಕೆಳಗಿನ ಸ್ಲಾಟು: ಕಪ್ಪು.
ಮೊದಲನೇ ಪಟ್ಟಿ, ಮೇಲಿನ ಸ್ಲಾಟು: ಕಪ್ಪು.
ಎರಡನೇ ಪಟ್ಟಿ, ಕೆಳಗಿನ ಸ್ಲಾಟು: ಲೋಗೋ ಬಂತು.
ಎರಡನೇ ಪಟ್ಟಿ, ಮೇಲಿನ ಸ್ಲಾಟು: ಲೋಗೋ ಬಂತು.

ಲೋಗೋ ಬಂದಾಗ ಇಬ್ಬರೂ ಕೂಗಿಕೊಂಡೆವು. ಆದರೆ ಅದರ ಹಿಂದೆಯೇ ಕಪ್ಪು ಪರದೆಯಲ್ಲಿ ಇಂಗ್ಲಿಷಿನಲ್ಲಿ ಬಂತು, ಸಿಮಾಸ್ ಚೆಕ್‌ಸಮ್ ತಪ್ಪಾಗಿದೆ, ತಾರೀಖು ಸಮಯ ಹೊಂದಿಸಿಲ್ಲ, ಮುಂದುವರಿಯಲು ಎಫ್1 ಒತ್ತಿ ಅಂತ. ಒತ್ತಿದೆ. ವಿಂಡೋಸಿನ ನಾಲ್ಕು ಬಣ್ಣ ಒಟ್ಟುಗೂಡುವಷ್ಟರಲ್ಲಿ ನೀಲಿ ಪರದೆ ಫಕ್ಕನೆ ಮಿಂಚಿ ಮತ್ತೆ ಲೋಗೋ. ಮತ್ತೆ ಅದೇ. ಮೂರು ಸಲ ನೋಡಿ ಬಟನ್ ಒತ್ತಿ ಹಿಡಿದು ಆರಿಸಿಬಿಟ್ಟೆ.

ಸ್ಕ್ರೂಡ್ರೈವರ್ | ಭಾನುವಾರ, ಬೆಳಿಗ್ಗೆ 8:30

ಆರಿಸಿದ್ದು ಒಳ್ಳೆಯದಾಯ್ತು. ಅಮ್ಮನ ಚೀಟಿ ನೋಡಿದರೆ ಸಂಶಯವೇ ಇಲ್ಲ. ಸ್ಲಾಟುಗಳು ಎರಡೂ ಚೆನ್ನಾಗಿವೆ, ಮೊದಲನೇ ಪಟ್ಟಿ ಹೋಗಿದೆ. ನನ್ನ ಹತ್ತಿರ ಬರುವವರು ಇಷ್ಟು ಅಚ್ಚುಕಟ್ಟಾಗಿ ಬರೆದು ತಂದರೆ ನನ್ನ ಅರ್ಧ ದಿನ ಉಳಿಯುತ್ತದೆ.

ಸಿಮಾಸ್ ಸಂದೇಶ ಬಂದಿದ್ದು ಮದರ್‌ಬೋರ್ಡಿನ ಬಟನ್ ಸೆಲ್ ಖಾಲಿಯಾಗಿರುವುದಕ್ಕೆ. ನಾಣ್ಯದ ಆಕಾರದ ಸೆಲ್, ಸಿಆರ್2032, 3 ವೋಲ್ಟಿನದ್ದು. ಗಡಿಯಾರ ಮತ್ತು ಬಯೋಸ್ (ವಿಂಡೋಸಿಗೂ ಮೊದಲು ಓಡಿ ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಸೆಟ್ಟಿಂಗ್ ಅದರ ಮೇಲೆ ನಿಂತಿರುತ್ತವೆ. ಕೆಲವು ಲ್ಯಾಪ್‌ಟಾಪಿನಲ್ಲಿ ಹಾಗೇ ಕೂತಿರುತ್ತದೆ, ಕೆಲವದರಲ್ಲಿ ಎರಡು ವೈರು ಬೆಸೆದು ಪ್ಲಾಸ್ಟಿಕ್ ಸುತ್ತಿರುತ್ತಾರೆ. ವೈರು ಇರುವಂಥದ್ದಾದರೆ ವೈರು ಸಮೇತ ಇರುವ ಸೆಲ್ಲನ್ನೇ ತನ್ನಿ. ಬರೀ ಸೆಲ್ ತಂದು ಅದಕ್ಕೆ ಬೆಸುಗೆ ಕಾಯಿಸಬೇಡಿ, ಸಿಡಿಯಬಹುದು.

ಬಿಟ್ಟು ಬೈಟು | ಭಾನುವಾರ, ಬೆಳಿಗ್ಗೆ 9:02

ಈ ಸೆಲ್ಲಿಗೂ ಆ ನೀಲಿ ಪರದೆಗೂ ನಂಟಿರಬಹುದು ಅಂತ ನನ್ನ ಅನುಮಾನ. ಸೆಲ್ ಖಾಲಿಯಾದರೆ ಕೆಲವು ಯಂತ್ರಗಳಲ್ಲಿ ಬಯೋಸ್ ಸೆಟ್ಟಿಂಗ್‌ಗಳೆಲ್ಲ ಮೊದಲಿದ್ದ ಸ್ಥಿತಿಗೆ ಹೋಗಿಬಿಡುತ್ತವೆ. ಅದರಲ್ಲಿ ಒಂದು, ಡಿಸ್ಕಿನ ಜೊತೆ ಯಾವ ರೀತಿ ಮಾತಾಡಬೇಕು ಅನ್ನುವುದು. ಐಡಿಇ ಅಥವಾ ಎಎಚ್‌ಸಿಐ ಅಂತ ಎರಡು ಆಯ್ಕೆ ಇರುತ್ತವೆ. ವಿಂಡೋಸ್ 7 ಹಾಕಿದಾಗ ಐಡಿಇ ಇದ್ದು ಈಗ ಎಎಚ್‌ಸಿಐ ಆಗಿದ್ದರೆ, ವಿಂಡೋಸ್ ತನ್ನ ಡಿಸ್ಕನ್ನೇ ಗುರುತಿಸಲಾರದೆ ಬೀಳುತ್ತದೆ.

ಖಾತ್ರಿ ಮಾಡಿಕೊಳ್ಳಲು ಲೋಗೋ ಹೋದ ಕೂಡಲೇ ಎಫ್8 ಒತ್ತುತ್ತಾ ಇರಿ. ಬರುವ ಮೆನುವಿನಲ್ಲಿ "ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸು" ಅನ್ನುವ ಅರ್ಥದ ಸಾಲು ಇದೆ, ಅದನ್ನು ಆರಿಸಿ. ನೀಲಿ ಪರದೆ ನಿಲ್ಲುತ್ತದೆ. ಕೆಳಗೆ ಸ್ಟಾಪ್ ಅಂತ ಒಂದು ಸಂಖ್ಯೆ ಇರುತ್ತದೆ. ಅದು 7ಬಿ ಅಂತ ಮುಗಿದರೆ ನನ್ನ ಅನುಮಾನ ನಿಜ ಆಗುವ ಸಾಧ್ಯತೆ ಜಾಸ್ತಿ. ಸಂಖ್ಯೆ ನೋಡಿ ಆರಿಸಿಬಿಡಿ. "ಸ್ಟಾರ್ಟಪ್ ರಿಪೇರಿ" ಅಂತ ಕೇಳಿದರೆ ಒಪ್ಪಬೇಡಿ.

ಸೆಟ್ಟಿಂಗ್ ಬದಲಿಸುವ ಆಸೆ ಆಗುತ್ತದೆ, ಗೊತ್ತು. ಸ್ವಲ್ಪ ತಡೆಯಿರಿ. ಡಿಸ್ಕೇ ಸೊರಗಿದ್ದರೂ ಇದೇ 7ಬಿ ಬರುತ್ತದೆ. ಹಾಗಾಗಿ ಮೊದಲು ಡಿಸ್ಕಿನ ಆರೋಗ್ಯ.

ಬೇರೆ ಕಂಪ್ಯೂಟರಿನಲ್ಲಿ ಸಿಸ್ಟಂ‌ರೆಸ್ಕ್ಯೂ ಅನ್ನುವ ಲಿನಕ್ಸನ್ನು (ವಿಂಡೋಸ್ ತರಹದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಉಚಿತ. ಅದು ಪೆನ್ ಡ್ರೈವಿನಿಂದಲೇ ಓಡುತ್ತದೆ, ನಿಮ್ಮ ಡಿಸ್ಕ್ ಮುಟ್ಟುವುದಿಲ್ಲ. ಅದರಲ್ಲಿ ಸ್ಮಾರ್ಟ್ ವರದಿ ತೆಗೆಯಿರಿ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದುಕೊಂಡ ದಿನಚರಿ ಅದು. ನನಗೆ ಬೇಕಾಗಿರುವುದು ಎರಡು ಸಾಲು: ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬೇರೆಡೆಗೆ ಬದಲಿಸಿದ ಚೂರುಗಳು), ಕರೆಂಟ್ ಪೆಂಡಿಂಗ್ ಸೆಕ್ಟರ್ (ಸದ್ಯ ಓದಲು ಬಾರದ ಚೂರುಗಳು). ಎರಡರ ಕೊನೆಯ ಸಂಖ್ಯೆ. ಡಿಸ್ಕಿನಿಂದ "ಟಿಕ್ ಟಿಕ್" ಸದ್ದು ಒಂದೇ ಲಯದಲ್ಲಿ ಬರುತ್ತಿದ್ದರೆ ಮಾತ್ರ ಏನೂ ಮಾಡದೆ ಆರಿಸಿ. ಅಂಥದ್ದು ದತ್ತಾಂಶ ಹೊರತೆಗೆಯುವ ಪರಿಣತರ ಕೈಗೇ ಹೋಗಬೇಕು.

ಮಳೆಹನಿ | ಭಾನುವಾರ, ಮಧ್ಯಾಹ್ನ 3:35

ನೀಲಿ ಪರದೆಯ ಸಂಖ್ಯೆ 0x0000007ಬಿ. ನೀವು ಹೇಳಿದ್ದೇ!

ಟಿಕ್ ಟಿಕ್ ಇಲ್ಲ. ಹದವಾದ ಗುಂಯ್ ಸದ್ದು ಅಷ್ಟೇ. ವರದಿಯಲ್ಲಿ ರೀಅಲೊಕೇಟೆಡ್ 0. ಪೆಂಡಿಂಗ್ 24. ಇದು ಕೆಟ್ಟದ್ದಾ?

ಬಿಟ್ಟು ಬೈಟು | ಭಾನುವಾರ, ಮಧ್ಯಾಹ್ನ 3:50

ಸಾಯುವಂಥದ್ದಲ್ಲ, ಆದರೆ ಎಚ್ಚರಿಕೆ ಗಂಟೆ. 24 ಕಡೆ ಡಿಸ್ಕಿಗೆ ಓದಲು ಬರುತ್ತಿಲ್ಲ. ಇಂಥ ಡಿಸ್ಕಿನಿಂದ ಒಂದೊಂದೇ ಫೋಲ್ಡರ್ ಎಳೆದು ಹಾಕುತ್ತಾ ಕೂತರೆ, ಕೆಟ್ಟ ಜಾಗಕ್ಕೆ ಬಂದಾಗಲೆಲ್ಲ ಅದು ಅಲ್ಲೇ ತಡವರಿಸಿ ಇನ್ನಷ್ಟು ಸವೆಯುತ್ತದೆ. ಅದಕ್ಕೆ ಡಿಸ್ಕಿನ ಪೂರ್ತಿ ಅಚ್ಚು, ಅಂದರೆ ಇದ್ದ ಹಾಗೇ ನಕಲು, ತೆಗೆದುಕೊಳ್ಳಿ. ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಆ ಪೆನ್ ಡ್ರೈವಿನಲ್ಲೇ ಇದೆ. ಅದು ಮೊದಲು ಚೆನ್ನಾಗಿರುವ ಜಾಗವನ್ನೆಲ್ಲ ಸರಸರ ಓದಿಕೊಳ್ಳುತ್ತದೆ, ಕೆಟ್ಟದ್ದನ್ನು ದಾಟಿ ಹೋಗುತ್ತದೆ. ಕೊನೆಗೆ ಉಳಿದ ಚೂರುಗಳಿಗೆ ವಾಪಸ್ ಬರುತ್ತದೆ. ಎಲ್ಲಿಯವರೆಗೆ ಓದಿದೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಗುರುತು ಇಟ್ಟುಕೊಳ್ಳುತ್ತದೆ. ಕರೆಂಟ್ ಹೋದರೂ ಬಿಟ್ಟ ಜಾಗದಿಂದ ಮುಂದುವರಿಸಬಹುದು.

500 ಜಿಬಿಗಿಂತ ಜಾಸ್ತಿ ಜಾಗ ಇರುವ ಹೊರಗಿನ ಡಿಸ್ಕ್ ಬೇಕು. ಮೂಲ ಯಾವುದು, ಗುರಿ ಯಾವುದು ಅಂತ ಮೂರು ಸಲ ನೋಡಿ ಎಂಟರ್ ಒತ್ತಿ. ಅದಲು ಬದಲಾದರೆ ಅಮ್ಮನ ಡಿಸ್ಕ್ ಅಳಿಸಿಹೋಗುತ್ತದೆ. ಅನುಮಾನ ಇದ್ದರೆ ಪರದೆಯ ಫೋಟೊ ಹಾಕಿ, ನಾನು ನೋಡಿ ಹೇಳುವ ತನಕ ಒತ್ತಬೇಡಿ. ಇವತ್ತು ಪೂರ್ತಿ ಇಲ್ಲೇ ಇರುತ್ತೇನೆ.

ಮಳೆಹನಿ | ಭಾನುವಾರ, ಸಂಜೆ 5:40

ಶುರು ಮಾಡಿದ್ದೆ (ಫೋಟೊ ನೋಡಿ ಒಪ್ಪಿದ್ದಕ್ಕೆ ಧನ್ಯವಾದ), ಆದರೆ ನಿಂತುಹೋಯ್ತು. ಬರೀ 4 ಜಿಬಿ ಆಗುವಷ್ಟರಲ್ಲಿ ಫೈಲ್ ತುಂಬಾ ದೊಡ್ಡದು ಅಂತ ಬರುತ್ತಿದೆ. ಹೊರಗಿನ ಡಿಸ್ಕಿನಲ್ಲಿ 900 ಜಿಬಿ ಖಾಲಿ ಇದೆಯಲ್ಲ?

ಬೆಸುಗೆ | ಭಾನುವಾರ, ಸಂಜೆ 5:52

ಆ ಹೊರಗಿನ ಡಿಸ್ಕ್ ಫ್ಯಾಟ್32 ಅನ್ನುವ ಹಳೆಯ ಫೈಲ್ ಜೋಡಣೆಯಲ್ಲಿ ಇರಬೇಕು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಅದರಲ್ಲಿ ಬೇಕಾದದ್ದು ಇದ್ದರೆ ಬೇರೆ ಕಡೆ ಇಟ್ಟು, ಬೇರೆ ಕಂಪ್ಯೂಟರಿನಲ್ಲಿ ಅದನ್ನು ಎನ್‌ಟಿಎಫ್‌ಎಸ್‌ಗೆ ಬದಲಿಸಿ. ನೆನಪಿರಲಿ, ಹೊರಗಿನ ಡಿಸ್ಕನ್ನು ಮಾತ್ರ.

ಮಳೆಹನಿ | ಸೋಮವಾರ, ಬೆಳಿಗ್ಗೆ 6:20

ಮುಗಿಯಿತು. ಐದೂವರೆ ಗಂಟೆ ಓಡಿತು. ಲ್ಯಾಪ್‌ಟಾಪಿನ ಕೆಳಗೆ ಎರಡು ಪುಸ್ತಕ ಇಟ್ಟು ಗಾಳಿ ಆಡುವ ಹಾಗೆ ಮಾಡಿದ್ದೆ. ನಡುರಾತ್ರಿ ಎದ್ದು ನೋಡಿದರೆ ಅಮ್ಮ ಅದರ ಮುಂದೆ ಕೂತಿದ್ದರು. "ಸಂಖ್ಯೆ ಏರುತ್ತಿದೆ" ಅಂದರು.

ಕೊನೆಗೆ ಓದಲಾಗದೆ ಉಳಿದದ್ದು 12,288 ಬೈಟ್. 500 ಜಿಬಿಯಲ್ಲಿ ಅಷ್ಟೇ.

ಬಿಟ್ಟು ಬೈಟು | ಸೋಮವಾರ, ಬೆಳಿಗ್ಗೆ 6:45

24 ಸೆಕ್ಟರ್, ಒಂದೊಂದು 512 ಬೈಟ್. ಲೆಕ್ಕ ಸರಿಯಾಗಿದೆ. ಅಷ್ಟು ಚಿಕ್ಕ ಜಾಗದಲ್ಲಿ ಅಮ್ಮನ ಬರಹ ಇರುವ ಸಂಭವ ಬಹಳ ಕಡಿಮೆ. ಬೇರೆ ಕಂಪ್ಯೂಟರಿನಲ್ಲಿ 7-ಜಿಪ್ ಅನ್ನುವ ತಂತ್ರಾಂಶ ಇದ್ದರೆ ಆ ಅಚ್ಚಿನ ಫೈಲನ್ನು ಅದರಲ್ಲೇ ತೆರೆಯಬಹುದು. ಒಳಗೆ ಪಾರ್ಟಿಷನ್‌ಗಳು, ಅಂದರೆ ಡಿಸ್ಕಿನ ಭಾಗಗಳು, ಕಾಣುತ್ತವೆ, ದೊಡ್ಡದನ್ನು ತೆರೆದು ಯೂಸರ್ಸ್ ಫೋಲ್ಡರ್ ಹೊರಗೆ ತೆಗೆಯಿರಿ. ಬರಹದ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿ. ಹೆಸರು ಕಂಡರೆ ಸಾಲದು, ಒಳಗಿನ ಅಕ್ಷರ ಕಾಣಬೇಕು. ಆಮೇಲೆ ಇನ್ನೊಂದು ಕಡೆ ಎರಡನೇ ಪ್ರತಿ ಇಡಿ.

ಮಳೆಹನಿ | ಸೋಮವಾರ, ರಾತ್ರಿ 9:30

412 ಫೈಲು. ಎಲ್ಲ ತೆರೆದು ನೋಡಿದೆವು, ಎಲ್ಲ ಇವೆ. ಫೋಟೊಗಳಲ್ಲಿ ಒಂದು ಮಾತ್ರ ಅರ್ಧದಿಂದ ಕೆಳಗೆ ಬೂದು ಬಣ್ಣವಾಗಿದೆ. ಮೇಲಿನ ಅರ್ಧದಲ್ಲಿ ಅಜ್ಜಿಯ ಮುಖ ಇದೆ, ಕೆಳಗೆ ಸೀರೆಯ ಅಂಚು ಹೋಗಿದೆ. ಅಮ್ಮ "ಮುಖ ಉಳಿಯಿತಲ್ಲ" ಅಂದರು.

ಎರಡು ಕಡೆ ಪ್ರತಿ ಇಟ್ಟ ಮೇಲೆ ಬಯೋಸಿನಲ್ಲಿ ಡಿಸ್ಕಿನ ಸೆಟ್ಟಿಂಗನ್ನು ಐಡಿಇ ಮಾಡಿದೆ. ವಿಂಡೋಸ್ ಬಂತು! ಡೆಸ್ಕ್‌ಟಾಪಿನ ಮೇಲೆ ಅವರು ಇಟ್ಟಿದ್ದ ಹಾಗೇ ಎಲ್ಲ ಇದೆ. ಅವರು ಮೌಸ್ ಹಿಡಿದು ಹತ್ತು ನಿಮಿಷ ಸುಮ್ಮನೆ ಅದನ್ನೇ ನೋಡುತ್ತಾ ಕೂತಿದ್ದರು.

ಈಗ ಅವರಿಗೆ ಅದರಲ್ಲೇ ಮತ್ತೆ ಬರೆಯುವ ಆಸೆ. ಅದರ ಕೀಬೋರ್ಡೇ ಕೈಗೆ ಹೊಂದುತ್ತದಂತೆ. ಏನೇನು ಬದಲಿಸಬೇಕು?

ಸ್ಕ್ರೂಡ್ರೈವರ್ | ಸೋಮವಾರ, ರಾತ್ರಿ 9:58

ಓದಿ ತುಂಬಾ ಖುಷಿಯಾಯ್ತು. ಖಂಡಿತ ಬರೆಯಲಿ, ಆದರೆ ಆ ಹಾರ್ಡ್ ಡಿಸ್ಕ್ ಮೇಲೆ ಬೇಡ. ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ಚಿಪ್ಪಿನಲ್ಲಿ ಬರೆಯುವ ಡಿಸ್ಕ್) ಕೂರುತ್ತದೆ. ಅದಕ್ಕೆ ಬಯೋಸಿನಲ್ಲಿ ಎಎಚ್‌ಸಿಐ ಇರಲಿ. ಹಳೆಯ ಡಿಸ್ಕನ್ನು ಅಳಿಸದೆ ಹಾಗೇ ಎತ್ತಿಡಿ.

ರ‍್ಯಾಮ್ ತರುವಾಗ ಚೆನ್ನಾಗಿರುವ ಪಟ್ಟಿಯನ್ನು ಜೊತೆಗೆ ಒಯ್ದು ತೋರಿಸಿ. ಅದು ಲ್ಯಾಪ್‌ಟಾಪಿನ ಡಿಡಿಆರ್3, 1.5 ವೋಲ್ಟಿನದ್ದು. ಡಿಡಿಆರ್4 ಅಲ್ಲಿ ಕೂರುವುದಿಲ್ಲ, ಕಚ್ಚೇ ಬೇರೆ ಕಡೆ ಇದೆ. ಬಟನ್ ಸೆಲ್ ಮರೆಯಬೇಡಿ, ಇಲ್ಲದಿದ್ದರೆ ಚಾರ್ಜರ್ ತೆಗೆದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ, ತಾರೀಖು ತಪ್ಪಾದರೆ ವೆಬ್‌ಸೈಟುಗಳೂ ತೆರೆಯುವುದಿಲ್ಲ. ಫ್ಯಾನ್ ಬಿಚ್ಚಿ ಧೂಳು ತೆಗೆದು, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ (ಬಿಸಿಯನ್ನು ಹೊರಕ್ಕೆ ಸಾಗಿಸುವ ಲೇಪ) ಬದಲಿಸಿ. ಇಷ್ಟು ವರ್ಷಕ್ಕೆ ಅದು ಸುಣ್ಣದ ಹಾಗೆ ಒಣಗಿರುತ್ತದೆ.

ಬಿಟ್ಟು ಬೈಟು | ಸೋಮವಾರ, ರಾತ್ರಿ 10:10

ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಸುರಕ್ಷತಾ ಅಪ್‌ಡೇಟ್ ನಿಂತಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲು ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 (ಸುರಕ್ಷತೆಯ ಚಿಪ್) ನಿಮ್ಮ ಯಂತ್ರದಲ್ಲಿ ಇಲ್ಲ. ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿ, 4 ಜಿಬಿಯಲ್ಲಿ ಹಗುರವಾಗಿ ಓಡುತ್ತದೆ. ಕನ್ನಡ ಟೈಪಿಂಗ್ ಸೆಟ್ಟಿಂಗಿನಲ್ಲಿ ಸೇರಿಸಿಕೊಳ್ಳಬಹುದು. ಅಮ್ಮ ಯಾವ ಕೀಬೋರ್ಡ್ ವಿನ್ಯಾಸದಲ್ಲಿ ಬರೆಯುತ್ತಾರೆ ಅಂತ ಹೇಳಿ, ಅದನ್ನು ಹೊಂದಿಸುವ ಕ್ರಮ ಬರೆದು ಕೊಡುತ್ತೇನೆ.

ಮಳೆಹನಿ | ಮಂಗಳವಾರ, ಬೆಳಿಗ್ಗೆ 7:15

ಕೇಳಿ ಹೇಳುತ್ತೇನೆ. ಒಂದೇ ಒಂದು ಉಳಿಯಿತು, ಆ ಹಳೆಯ ಬ್ಯಾಟರಿ. ಸರಿಯಾದ ಚಾರ್ಜರಿನಲ್ಲೂ ಅದು ಒಂದು ಚೂರೂ ಏರುತ್ತಿಲ್ಲ.

ಸ್ಕ್ರೂಡ್ರೈವರ್ | ಮಂಗಳವಾರ, ಬೆಳಿಗ್ಗೆ 7:40

ಅದನ್ನು ಏಳಿಸಲು ಹೋಗಬೇಡಿ. ಲಿಥಿಯಂ ಸೆಲ್ ಅಷ್ಟು ವರ್ಷ ಪೂರ್ತಿ ಖಾಲಿಯಾಗಿ ಬಿದ್ದಿದ್ದರೆ ಒಳಗಿನ ಸರ್ಕ್ಯೂಟೇ ಚಾರ್ಜ್ ಆಗಲು ಬಿಡುವುದಿಲ್ಲ. ಹಾಗೆ ತಡೆಯುವುದೇ ಸರಿ. ಲೋಹದ ತುದಿಗಳ ಮೇಲೆ ಟೇಪ್ ಅಂಟಿಸಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಕಸದ ಬುಟ್ಟಿಗೆ ಹಾಕಬೇಡಿ. ಅಲ್ಲಿಯವರೆಗೆ ಬ್ಯಾಟರಿ ಇಲ್ಲದೆ ಬರೀ ಚಾರ್ಜರಿನಲ್ಲೇ ಬರೆಯಲಿ. ವೈರು ಯಾರ ಕಾಲಿಗೂ ಸಿಗದ ಹಾಗೆ ಗೋಡೆ ಕಡೆ ಹಾಕಿಕೊಡಿ, ಪಿನ್ ಕಿತ್ತುಬಂದರೆ ಬರೆಯುತ್ತಿದ್ದದ್ದು ಅಲ್ಲೇ ಹೋಗುತ್ತದೆ.